ತುಂಬಿದ ಹಲ್ಲು ತುಳುಕುತ್ತದೆ

ತುಂಬಿದ ಕೊಡ ತುಳುಕುವುದಿಲ್ಲ ಎಂದು ಹೇಳಿದವರು ಯಾರೋ ಗೊತ್ತಿಲ್ಲ, ಹಲ್ಲಿನ ಡಾಕ್ಟರ್ ಅಂತೂ ಅಲ್ಲ. ನಾನು ಹದಿನಾರು ವರ್ಷದಿಂದ ಹಲ್ಲು ತುಂಬುತ್ತಿದ್ದೇನೆ. ಇಂಡಿಯಲ್ಲಿ ನನ್ನ ದವಾಖಾನೆ. ಮಂಗಳವಾರ ಸಿಂದಗಿಗೆ ಹೋಗುತ್ತೇನೆ. ಗುರುವಾರ ಮುಂಜಾನೆ ಮುದ್ದೇಬಿಹಾಳ, ಮಧ್ಯಾಹ್ನದ ಮೇಲೆ ಬಸವನ ಬಾಗೇವಾಡಿ. ಹೀಗೆ ನಾಲ್ಕು ತಾಲೂಕುಗಳಲ್ಲಿ ನಾನು ತುಂಬಿದ ಹಲ್ಲುಗಳು ಓಡಾಡುತ್ತಿವೆ. ಬಹಳಷ್ಟು ಹಲ್ಲುಗಳು ಸುಮ್ಮನೆ ಖಡಕ್ ರೊಟ್ಟಿ ಅಗಿಯುತ್ತ ಸುಖವಾಗಿವೆ. ಅವು ನನಗೆ ಎಂದೂ ಎದುರಾಗುವುದಿಲ್ಲ. ಸಂತೆಯಲ್ಲಿ, ಚಹಾದಂಗಡಿಯಲ್ಲಿ, ಮದುವೆಯ ಪಂಕ್ತಿಯಲ್ಲಿ ನನಗೆ ಎದುರಾಗುವವು ತುಂಬಿದ ಮೇಲೂ ನೋಯುವ ಹಲ್ಲುಗಳೇ. ಗಲ್ಲದ ಮೇಲೆ ಅಂಗೈ ಇಟ್ಟುಕೊಂಡ ಮನುಷ್ಯ ದೂರದಲ್ಲಿ ಕಂಡರೆ ನಾನು ಓಣಿ ಬದಲಿಸುತ್ತೇನೆ. ಬದಲಿಸಿದ ಓಣಿಯಲ್ಲಿ ಇನ್ನೊಬ್ಬರು ನಿಂತಿರುತ್ತಾರೆ.

೧. ಅಳತೆ

ದವಾಖಾನೆ ತೆರೆದ ಮೊದಲ ವರ್ಷ. ಹೈಸ್ಕೂಲಿನಲ್ಲಿ ನನಗೆ ಗಣಿತ ಕಲಿಸಿದ ಗುರುಗಳು ಹಲ್ಲು ತೋರಿಸಲು ಬಂದರು. ನಿವೃತ್ತರಾಗಿದ್ದರು, ಕೂದಲೆಲ್ಲ ಬೆಳ್ಳಗಾಗಿತ್ತು. ಆದರೂ ಅವರು ಕುರ್ಚಿಯ ಮೇಲೆ ಮಲಗಿದಾಗ ಮನೆಪಾಠ ಮಾಡದೆ ಬಂದ ಹುಡುಗನಂತೆ ನಿಂತವನು ನಾನೇ.

ದವಡೆ ಹಲ್ಲು ತುಂಬಿ ಮುಗಿಸಿದೆ. "ಕಚ್ಚಿ ನೋಡ್ರಿ ಸರ್. ಎತ್ತರ ಅನಸ್ತೈತೇನು?"

ಅವರ ಅರ್ಧ ಬಾಯಿ ಸೂಜಿಯಿಂದ ಮರಗಟ್ಟಿತ್ತು. "ಅಲ್ಲಿ ಹಲ್ಲ ಇಲ್ಲದಂಗ ಐತಿ," ಎಂದರು.

ನಾನು ಅದನ್ನು ನೂರಕ್ಕೆ ನೂರು ಎಂದು ತಿಳಿದು ಕಳಿಸಿಬಿಟ್ಟೆ. ಕಾರ್ಬನ್ ಕಾಗದ ಕಚ್ಚಿಸಿ, ಎತ್ತರ ಉಳಿದ ಕಡೆ ಗುರುತು ಬೀಳುತ್ತದೆಯೇ ಎಂದು ನೋಡುವುದು ನಿಯಮ. ಗುರುಗಳನ್ನು ಇನ್ನೊಂದು ನಿಮಿಷ ಬಾಯಿ ತೆರೆಸಿ ಕೂಡಿಸುವ ಧೈರ್ಯ ನನಗಿರಲಿಲ್ಲ.

ನಾಲ್ಕನೆಯ ದಿನ ಬಂದರು. "ತಮ್ಮಾ, ಬಾಯಿ ಮುಚ್ಚಿದ್ರ ಮೊದ್ಲ ಅದೊಂದ ಹಲ್ಲು ತಾಗ್ತೈತಿ. ನೆತ್ತಿತನಕ ಝಳ ಹೊಡೀತೈತಿ."

"ಹೊಸಾದಲ್ರಿ ಸರ್. ಹೊಸಾ ಚಪ್ಪಲಿ ಕಚ್ಚೂದಿಲ್ಲೇನ್ರಿ? ಹಂಗ, ಹೊಂದಿಕೋತೈತಿ," ಎಂದೆ.

ತಾವು ಕಲಿಸಿದ ಹುಡುಗ ಸುಳ್ಳು ಹೇಳಲಾರ ಎಂದು ನಂಬಿ ಹೊರಟುಹೋದರು. ಹತ್ತನೆಯ ದಿನ ಮತ್ತೆ ಬಂದಾಗ ಕುತ್ತಿಗೆ ಸಣ್ಣದಾಗಿ ಅಂಗಿಯ ಕಾಲರ್ ದೊಡ್ಡದಾಗಿ ಕಾಣುತ್ತಿತ್ತು. "ರೊಟ್ಟಿ ಹಾಲಾಗ ಕಲಿಸಿ ನುಂಗಾಕತ್ತೇನಿ. ಮೊಮ್ಮಗಳು ಮತ್ತ ನಾನು ಒಂದ ಊಟ."

ಆಗ ಕಾರ್ಬನ್ ಕಾಗದ ಕಚ್ಚಿಸಿದೆ. ಸಿಮೆಂಟಿನ ಮೇಲೆ ಒಂದೇ ಒಂದು ನೀಲಿ ಚುಕ್ಕೆ, ಸಾಸಿವೆಯಷ್ಟು. ಅದನ್ನು ಉಜ್ಜಿ ತೆಗೆದೆ. ಗುರುಗಳು ಬಾಯಿ ಮುಚ್ಚಿದರು, ತೆರೆದರು, ಮತ್ತೆ ಮುಚ್ಚಿದರು. ಹತ್ತು ದಿನದ ಗಂಟು ಹಣೆಯಿಂದ ಬಿಚ್ಚಿಕೊಂಡಿತು.

"ಹೋತಲ್ಲೋ!"

"ಹೌದ್ರಿ ಸರ್."

"ಎಷ್ಟ್ ಹೊತ್ತಿನ ಕೆಲಸ ಇದು?"

ನೆಲ ನೋಡುತ್ತ, "ಎರಡು ನಿಮಿಷ್ರಿ," ಎಂದೆ. ನನಗೆ ತಿಳಿಯದೆಯೇ ನನ್ನ ಅಂಗೈ ಎರಡೂ ಬೆನ್ನ ಹಿಂದೆ ಹೋಗಿದ್ದವು.

ಅವರು ಬೈಯಲಿಲ್ಲ. ಪರದೆ ಸರಿಸಿ ಹೊರಗೆ ಹೋದರು. ಅಲ್ಲಿ ಏಳೆಂಟು ಮಂದಿ ಪಾಳಿ ಹಚ್ಚಿ ಕುಳಿತಿದ್ದರು. ಗುರುಗಳು ತರಗತಿಯ ದನಿಯಲ್ಲಿ ಅವರಿಗೆ ಹೇಳಿದ್ದು ನನಗೆ ಸ್ಪಷ್ಟ ಕೇಳಿಸಿತು: "ಹುಡುಗ ಹುಶಾರ್ ಅದಾನ. ಅಳತಿ ಒಂದ ಕಚ್ಚಾ. ಅದಕ್ಕ ಅವಗ ಏನೂ ಅನಬ್ಯಾಡ್ರಿ. ಅವಗ ಅಳತಿ ಕಲಿಸಿದಾಂವ ನಾನ!"

೨. ಬಳೆಗಾರ್ತಿಯ ಮಾತು

ಸಿಂದಗಿಯ ದವಾಖಾನೆಗೆ ಒಂದು ಮಂಗಳವಾರ ಬಳೆ ಮಾರುವ ಹೆಣ್ಣುಮಗಳು ಬಂದಳು. ಬುಟ್ಟಿಯನ್ನು ಬಾಗಿಲಲ್ಲಿಟ್ಟು ಒಳಗೆ ಬಂದು, ಎಡಗಡೆಯ ಕೆಳಗಿನ ಹಲ್ಲಿನ ಮೇಲೆ ಬೆರಳಿಟ್ಟು, "ಇದರಿ," ಎಂದಳು.

ಆ ಹಲ್ಲು ನೋಡಲು ಸ್ವಚ್ಛವಿತ್ತು. ಅದರ ನೆತ್ತಿಯ ಮೇಲೆ, ಮೇಲಿನ ಸಾಲಿನಲ್ಲಿ, ದೊಡ್ಡ ಕರೀ ತೂತು. ನನಗೆ ಖುಷಿಯಾಯಿತು. ಮೇಲಿನ ಹಲ್ಲಿನ ನೋವು ಕೆಳಗೆ ಬಂದಂತೆ ಅನಿಸುವುದುಂಟು, ಕಾಲೇಜಿನಲ್ಲಿ ಓದಿದ್ದೆ. ಅಲ್ಲಿ ನನಗೆ ಕೋಣೆ ಬಾಡಿಗೆ ಕೊಟ್ಟ ಔಷಧದ ಅಂಗಡಿಯ ಮಾಲೀಕರು ಬೇರೆ ಅಲ್ಲೇ ಕುಳಿತಿದ್ದರು. ಕೇಳುವವರು ಇದ್ದಾಗ ನನ್ನ ಜ್ಞಾನ ತಾನೇ ಹರಿಯುತ್ತದೆ.

"ಅಕ್ಕಾ, ಹಲ್ಲು ಭಾಳ ಸುಳ್ಳ ಹೇಳ್ತಾವ. ಮ್ಯಾಲ ಕೆಟ್ಟಿರ್ತೈತಿ, ಕೆಳಗ ನೋವಾಗ್ತೈತಿ ಅಂತ ತೋರಿಸ್ತೈತಿ. ನಿನಗ ತಿಳಿಯೂದಿಲ್ಲ. ಅದಕ್ಕ ನಾವು ಐದು ವರ್ಷ ಓದಿರ್ತೇವಿ."

"ನನಗ ಕೆಳಗ ನೋಯ್ತೈತ್ರಿ," ಎಂದಳು.

"ಅದನ್ನ ಹೇಳಾಕತ್ತೇನಲ್ಲ, ಹಂಗ ಅನಸ್ತೈತಿ."

ಮೇಲಿನ ಹಲ್ಲನ್ನು ಬಹಳ ಚೆಂದ ತುಂಬಿದೆ. ಅಂಗಡಿಯ ಮಾಲೀಕರು ಕೂಡ ಬಗ್ಗಿ ನೋಡಿ ತಲೆದೂಗಿದರು.

ಮುಂದಿನ ಮಂಗಳವಾರ ಬುಟ್ಟಿ ಮತ್ತೆ ಬಾಗಿಲಿಗೆ ಬಂತು. ಅವಳ ಎಡಗಲ್ಲ ಊದಿತ್ತು. ಸಿಟ್ಟು ಮಾಡಲಿಲ್ಲ, ದನಿ ಏರಿಸಲಿಲ್ಲ. "ಡಾಕ್ಟ್ರ, ಮ್ಯಾಲಿನ ಹಲ್ಲು ಭಾಳ ಚಲೋ ಆಗೇತ್ರಿ. ಅದು ಮೊದ್ಲೂ ಚಲೋನ ಇತ್ತು. ನೋವಿದ್ದದ್ದು ಇದು," ಎಂದು ಹೋದ ವಾರ ಬೆರಳಿಟ್ಟ ಜಾಗದಲ್ಲೇ ಮತ್ತೆ ಬೆರಳಿಟ್ಟಳು.

ಎಕ್ಸ್-ರೇ ತೆಗೆಸಿದೆ. ಕೆಳಗಿನ ಎರಡು ಹಲ್ಲುಗಳ ಸಂದಿಯಲ್ಲಿ, ಕಣ್ಣಿಗೆ ಕಾಣದ ಜಾಗದಲ್ಲಿ, ಹುಳುಕು ಆಳಕ್ಕೆ ಇಳಿದಿತ್ತು. ಏಳು ದಿನ ಆ ಹೆಣ್ಣುಮಗಳು ಅದನ್ನು ಬಾಯಲ್ಲಿ, ಬುಟ್ಟಿಯನ್ನು ತಲೆಯ ಮೇಲೆ ಹೊತ್ತು ಹಳ್ಳಿ ಹಳ್ಳಿ ತಿರುಗಿದ್ದಳು.

"ತಪ್ಪಾತು ಅಕ್ಕಾ," ಎಂದೆ. ಅಂಗಡಿಯ ಮಾಲೀಕರು ಅವತ್ತೂ ಅಲ್ಲೇ ಇದ್ದರು. ಕಿಟಕಿಯ ಹೊರಗೆ ಏನೋ ಬಹಳ ಆಸಕ್ತಿಯಿಂದ ನೋಡತೊಡಗಿದರು.

ಅವಳು ಕುರ್ಚಿಯಲ್ಲಿ ಒರಗಿ ಬಾಯಿ ತೆರೆಯುವ ಮೊದಲು ಒಂದೇ ಮಾತು ಹೇಳಿದಳು: "ನಾ ಸಾಲಿ ಕಲತಿಲ್ರಿ. ಆದ್ರ ಯಾವ ಕೈ ಮುಂದ ಮಾಡ್ತಾರೋ ಅದಕ್ಕ ಬಳಿ ಇಡಸ್ತೇನಿ."

೩. ಅತ್ತೆಯ ಭಕ್ತಿ

ನನ್ನ ಹೆಂಡತಿಯ ತವರು ಮುದ್ದೇಬಿಹಾಳ. ಗುರುವಾರ ಮಧ್ಯಾಹ್ನದ ಊಟ ಅತ್ತೆಯ ಮನೆಯಲ್ಲೇ. ಅತ್ತೆ ಉಣ್ಣುವುದರಲ್ಲೂ ಉಣಿಸುವುದರಲ್ಲೂ ದೊಡ್ಡ ಕೈ. ಅವರ ಒಂದು ಹಲ್ಲು ಕೆಟ್ಟಿತ್ತು. ತೂತು ಆಳಕ್ಕೆ ಹೋಗಿ ನರದ ಹತ್ತಿರ ಬಂದಿತ್ತು. "ಈಗ ತುಂಬತೇನಿ, ಆದ್ರ ನೋವು ನಿಲ್ಲದಿದ್ರ ಬೇರು ಸ್ವಚ್ಛ ಮಾಡಬೇಕಾಗ್ತೈತಿ, ಮೂರು ಸಲ ಬರಬೇಕಾಗ್ತೈತಿ" ಎಂದು ಮೊದಲೇ ಹೇಳಬೇಕಿತ್ತು. ಬೇರೆ ಯಾರಿಗಾದರೂ ಹೇಳುತ್ತಿದ್ದೆ. ಆದರೆ ನೋಡಲು ಓಣಿಯ ನಾಲ್ಕು ಮಂದಿ ಬಂದು ನಿಂತಿದ್ದರು. ಅಳಿಯನ ಗತ್ತಿನಲ್ಲಿ, "ಒಂದ ಸಲಕ್ಕ ಮುಗೀತು ನೋಡ್ರಿ!" ಎಂದುಬಿಟ್ಟೆ.

ಮುಂದಿನ ಗುರುವಾರ ಅತ್ತೆ ನನಗೆ ಬಡಿಸಿದರು, ತಾವು ತಟ್ಟೆ ಹಾಕಿಕೊಳ್ಳಲಿಲ್ಲ. "ಇವತ್ತ ಗುರುವಾರಲ್ರಿ, ಒಪ್ಪತ್ತು," ಎಂದರು. ಭಕ್ತಿ ಇರಲಿ ಎಂದುಕೊಂಡೆ. ಅದರ ಮುಂದಿನ ಗುರುವಾರವೂ ಒಪ್ಪತ್ತು. ಸೋಮವಾರವೂ ಉಪವಾಸ, ಶನಿವಾರವೂ ಉಪವಾಸ ಎಂದು ಹೆಂಡತಿಗೆ ಫೋನಿನಲ್ಲಿ ಸುದ್ದಿ ಬರತೊಡಗಿತು.

ಮೂರನೆಯ ವಾರ ಅವರ ಅಣ್ಣನ ಮೊಮ್ಮಗಳಿಗೆ ಕುಪ್ಪಸದ ಕಾರ್ಯ, ಅಂದರೆ ಸೀಮಂತ. ಶೇಂಗಾ ಹೋಳಿಗೆ, ತುಪ್ಪ, ಎಣ್ಣೆಗಾಯಿ. ಅತ್ತೆ ಪಂಕ್ತಿಗೆ ಕೂಡಲೇ ಇಲ್ಲ. "ಇವತ್ತ ಅಮಾಸಿ," ಎಂದರು.

ಮಾವ ಎಲೆಯ ಮುಂದೆ ಕುಳಿತೇ ಕೂಗಿದರು, "ಅಮಾಸಿ ಹೋಗಿ ಎಂಟ ದಿನ ಆತಲ್ಲ!"

ನನಗೆ ಸಂಶಯ ಬಂತು. ಊಟ ಬಿಟ್ಟು ಅಡುಗೆಮನೆಗೆ ಹೋದೆ. ಅತ್ತೆ ಒಬ್ಬರೇ ನಿಂತಿದ್ದರು. ತಲೆಯನ್ನು ಪೂರ್ತಿ ಬಲಕ್ಕೆ ವಾಲಿಸಿ, ಒಂದು ಹನಿಯೂ ಎಡಕ್ಕೆ ಹೋಗದಂತೆ, ಕಣ್ಣು ಮುಚ್ಚಿ ನೀರು ಕುಡಿಯುತ್ತಿದ್ದರು.

"ಎಷ್ಟು ದಿನದಿಂದ್ರಿ?" ಎಂದೆ.

ಬೆಚ್ಚಿ ಸೆರಗಿನಿಂದ ಬಾಯಿ ಒರೆಸಿಕೊಂಡರು. "ನೀವು ತುಂಬಿದ ದಿನದಿಂದ್ರಿ."

"ಹೇಳಬಾರದಾಗಿತ್ತೇನ್ರಿ?"

"ಹ್ಯಾಂಗ ಹೇಳ್ಲಿ? ನಮ್ಮ ಅಳಿಯನ ಕೈಗುಣ ಅಂದ್ರ ಕೈಗುಣ ಅಂತ ಊರ ತುಂಬ ಹೇಳಿಕೊಂಡು ಬಂದೇನಿ. ಒಂದ ಸಲಕ್ಕ ಮುಗಿಸಿದ್ರು ಅಂತ ಎಲ್ಲಾರೂ ಕೇಳ್ಯಾರ. ಈಗ ಅವರ ಮುಂದ ಗಲ್ಲ ಹಿಡಕೊಂಡು ನಿಂತ್ರ ನಿಮ್ಮ ಮಾರಿ ಏನಾಗಬೇಕ್ರಿ?"

ನನ್ನ ಮಾರಿ ಏನಾಗಬೇಕೋ ಅದು ಅಲ್ಲೇ ಆಯಿತು. ಇಪ್ಪತ್ತು ದಿನ ಆ ಹೆಂಗಸು ನನ್ನ ಹೆಸರಿಗಾಗಿ ಹಸಿದಿದ್ದರು, ನಾನು ಅವರೆದುರೇ ಕುಳಿತು ಎರಡನೆಯ ಸಲ ಬಡಿಸಿಕೊಂಡು ಉಂಡಿದ್ದೆ. ಅಲ್ಲಿದ್ದ ಮಣೆಯ ಮೇಲೆ ಕುಳಿತುಬಿಟ್ಟೆ. "ಅತ್ತಿ, ತೂತು ಆಳ ಐತಿ ಅಂತ ನನಗ ಅವತ್ತ ಗೊತ್ತಿತ್ತರಿ. ನೋವು ಉಳೀಬಹುದು ಅಂತನೂ ಗೊತ್ತಿತ್ತು. ಮಂದಿ ಮುಂದ ದೊಡ್ಡಸ್ತನ ತೋರಿಸಾಕ ಹೇಳಲಿಲ್ಲ."

ಅವರು ನೀರಿನ ತಂಬಿಗೆಯನ್ನು ಕೆಳಗಿಟ್ಟರು. ಆಮೇಲೆ ಅಂದರು, "ಅಂದ್ರ ನಾವಿಬ್ರೂ ಕೂಡೇ ಸುಳ್ಳ ಹೇಳೇವಿ."

ಮರುದಿನದಿಂದಲೇ ಬೇರಿನ ಚಿಕಿತ್ಸೆ ಶುರು ಮಾಡಿದೆ. ಮೂರು ಸಲಕ್ಕೆ ಮುಗಿಯಿತು, ನೋವು ನಿಂತಿತು. ಅದರ ಮುಂದಿನ ಗುರುವಾರ ಅತ್ತೆ ನನ್ನ ಎದುರಿಗೇ ತಟ್ಟೆ ಹಾಕಿಕೊಂಡು ಕುಳಿತು ಖಡಕ್ ರೊಟ್ಟಿಯನ್ನು ಕಟಕಟ ಮುರಿದರು. ಮಾವ ಆ ಸಪ್ಪಳ ಕೇಳಿ ಪೇಪರಿನಿಂದ ತಲೆಯೆತ್ತಿದರು.

"ನಲವತ್ತ ವರ್ಷ ಸಂಸಾರ ಮಾಡೇನಿ, ಇಕಿ ಒಂದ ಏಕಾದಶಿ ಹಿಡದಾಕಿ ಅಲ್ಲ. ಅಳಿಯಂದ್ರು ಹಲ್ಲ ಮುಟ್ಟಿದ್ರು, ಭಕ್ತಿ ಬಂತು. ಈಗ ಹಲ್ಲ ನೆಟ್ಟಗಾತು, ಭಕ್ತಿ ಹೋತು!"

೪. ಹುಳದ ಅಜ್ಜಿ

ನನ್ನದೇ ಒಂದು ಹಲ್ಲು ಕೆಟ್ಟಿತು. ಇಂಡಿಯ ದವಾಖಾನೆಯಲ್ಲಿ ನನ್ನ ಜೊತೆಗಿರುವ ಕಿರಿಯ ಡಾಕ್ಟರಮ್ಮ ತುಂಬಿದಳು. ಅಚ್ಚುಕಟ್ಟಾಗಿಯೇ ತುಂಬಿದ್ದಳು. ಆದರೆ ತಣ್ಣಗಿನದು ಏನು ತಾಗಿದರೂ ಸೂಜಿ ಚುಚ್ಚಿದಂತೆ. ಒಂದು ವಾರವಾಯಿತು, ಎರಡು, ಮೂರು. ಕೆಲವರಿಗೆ ಹೀಗಾಗುತ್ತದೆ, ತಾನೇ ಇಳಿಯುತ್ತದೆ ಎಂದು ದಿನಕ್ಕೆ ಹತ್ತು ಮಂದಿಗೆ ನಾನೇ ಹೇಳುತ್ತೇನೆ. ನನ್ನ ಬಾಯಲ್ಲೇ ಆದಾಗ ಆ ಮಾತಿನಲ್ಲಿ ನನಗೇ ನಂಬಿಕೆ ಹುಟ್ಟಲಿಲ್ಲ.

ಅವ್ವ ದಿನಾ ಒಂದೇ ಮಾತು: "ಭೀಮಾ ಹೊಳಿ ದಂಡಿ ಮ್ಯಾಲ ಒಬ್ಬಾಕಿ ಅಜ್ಜಿ ಅದಾಳ, ಹಲ್ಲಿನ ಹುಳಾ ತಗೀತಾಳ. ಹೋಗಿ ಬಾರೋ."

"ಅವ್ವಾ, ಹಲ್ಲಿನ್ಯಾಗ ಹುಳಾ ಇರೂದಿಲ್ಲ. ನಾ ಡಾಕ್ಟರ್ ಅದೇನಿ."

"ಡಾಕ್ಟರ್ ಇದ್ರ ನೋವ್ಯಾಕ ನಿಂತಿಲ್ಲ?"

ಒಂದು ರವಿವಾರ ಮುಂಜಾನೆ ತಣ್ಣೀರಿನಿಂದ ಬಾಯಿ ಮುಕ್ಕಳಿಸಿದೆ. ಮುಂದಿನ ಅರ್ಧ ಗಂಟೆಯಲ್ಲಿ ನನ್ನ ಐದು ವರ್ಷದ ಓದು ಎಲ್ಲಿ ಹೋಯಿತೋ ಗೊತ್ತಿಲ್ಲ. ತಲೆಗೆ ಟವೆಲ್ ಸುತ್ತಿಕೊಂಡು, ಗಾಡಿಯನ್ನು ಊರ ಹೊರಗೆ ನಿಲ್ಲಿಸಿ, ಆ ಅಜ್ಜಿಯ ಅಂಗಳದ ಪಾಳಿಯಲ್ಲಿ ಕುಳಿತಿದ್ದೆ.

ಮುಂದೆ ಕುಳಿತಿದ್ದ ರೈತ ಹೊರಳಿ ನೋಡಿದ. ಎರಡು ವಾರದ ಹಿಂದೆ ನಾನೇ ಅವನ ಹಲ್ಲು ತುಂಬಿದ್ದೆ. ಟವೆಲ್ ಇನ್ನಷ್ಟು ಕೆಳಗೆ ಎಳೆದುಕೊಂಡೆ. ಅವನು ಬಗ್ಗಿ, ಟವೆಲ್ಲಿನ ಒಳಗೆ ಇಣುಕಿ, ಬಹಳ ಮರುಕದಿಂದ ಪಿಸುಗುಟ್ಟಿದ: "ನೀವೂ ನಿಮ್ಮ ಕಡೇನ ತುಂಬಿಸಿದ್ರೇನ್ರಿ?"

ನನ್ನ ಪಾಳಿ ಬಂತು. ಅಜ್ಜಿ ಕೆಂಡದ ಮೇಲೆ ಯಾವುದೋ ಕಾಡುಬೀಜ ಹಾಕಿ, ಕೊಳವೆಯಿಂದ ಹೊಗೆಯನ್ನು ಬಾಯೊಳಗೆ ಬಿಟ್ಟಳು. ಕೆಮ್ಮು ಬಂದು ಕಣ್ಣು ಉರಿಯಿತು. ಆಮೇಲೆ ನೀರಿನ ತಟ್ಟೆ ತೋರಿಸಿದಳು. ಬಿಳಿಯ ಸಣ್ಣ ಎಳೆಗಳು ತೇಲುತ್ತಿದ್ದವು. ಅವು ಬೀಜ ಸಿಡಿದು ಹೊರಬಂದ ಮೊಳಕೆಗಳೆಂದು ನನಗೆ ಚೆನ್ನಾಗಿ ಗೊತ್ತಿತ್ತು. ಆದರೂ ನನ್ನ ಬಾಯಿ ಕೇಳಿತು: "ಎಷ್ಟು ಬಂದ್ವು ಅಜ್ಜಿ?"

"ನಾಕು. ಎಲ್ಲಿ ತುಂಬಿಸಿದ್ದಿ ತಮ್ಮಾ ಇದನ್ನ?"

ನಾನು ಟವೆಲ್ಲಿನಿಂದ ಬಾಯಿ ಒರೆಸಿಕೊಂಡೆ. ಹಿಂದಿನಿಂದ ಆ ರೈತನೇ ನನ್ನ ದವಾಖಾನೆಯ ಗುರುತು ಹೇಳಿದ.

ಅಜ್ಜಿಯ ಮುಖ ಅರಳಿತು. "ಆ ದವಾಖಾನಿ ಏನು! ಅದು ಚಾಲೂ ಆದ ಮ್ಯಾಲ ನನ್ನ ಅಂಗಳ ಖಾಲಿ ಉಳಿದಿಲ್ಲ. ಆ ಡಾಕ್ಟರ್‌ಗ ಹೇಳು ತಮ್ಮಾ, ನಡಸಂತ. ನಡುವ ಬಂದ್ ಮಾಡಬ್ಯಾಡಂತ."

೫. ಬಾಗೇವಾಡಿ ಬಸ್ಸು

ಹೋದ ವರ್ಷದ ಮಾತು. ಗುರುವಾರ ಮುದ್ದೇಬಿಹಾಳದ ಕೆಲಸ ಮುಗಿಸಿ ಬಾಗೇವಾಡಿ ಬಸ್ಸು ಹತ್ತಿದೆ. ಪಕ್ಕಕ್ಕೆ ಐವತ್ತರ ಸುಮಾರಿನ ಒಬ್ಬರು ಬಂದು ಕುಳಿತರು. ಬಿಳಿ ಟೋಪಿ, ಖಾಕಿ ಪ್ಯಾಂಟು. ಗಲ್ಲದ ಮೇಲೆ ಅಂಗೈ. ಬಸ್ಸಿನಲ್ಲಿ ಬದಲಿಸಲು ಓಣಿ ಎಲ್ಲಿದೆ?

ನಾನು ಕೇಳದಿದ್ದರೂ ಅವರೇ ಶುರು ಮಾಡಿದರು. ಆಲಮಟ್ಟಿಯ ಕಾಲುವೆಯ ಮೇಲೆ ಗೇಟು ಎತ್ತಿಳಿಸುವ ಕೆಲಸವಂತೆ. "ಹದಿನೈದ ದಿನದ ಹಿಂದ ಇಲ್ಲೇ ಮುದ್ದೇಬಿಹಾಳದಾಗ ಹಲ್ಲಿಗೆ ಸಿಮೆಂಟ್ ಹಾಕಿಸೇನ್ರಿ. ಇಂಡಿ ಕಡಿಯಾಂವ, ವಾರಕ್ಕೊಮ್ಮೆ ಬರ್ತಾನ. ತಣ್ಣೀರ ಕುಡದ್ರ ಕಣ್ಣೀರ ಬರಾಕತ್ತಾವ. ಇವತ್ತ ಕೇಳೂನು ಅಂತ ಹ್ವಾದ್ರ, ಅಷ್ಟರಾಗ ಕೀಲಿ ಹಾಕ್ಕೊಂಡು ಹೋಗ್ಯಾನ."

ಅದು ನಾನೇ ಎಂದು ಹೇಳಲು ಬಾಯಿ ಅರ್ಧ ತೆರೆದಿದ್ದೆ. ಅಷ್ಟರಲ್ಲಿ ಅವರು, "ಮಾಸ್ಕ್ ಹಾಕ್ಕೊಂಡಿದ್ದ, ಮಾರಿ ನೋಡಿಲ್ಲ. ಆದ್ರ ಆ ದನಿ ಸಾವಿರ ಮಂದ್ಯಾಗ ಗುರುತ ಹಿಡೀತೇನಿ. 'ಎರಡ ದಿನದಾಗ ಕಡಿಮಿ ಆಗ್ತೈತಿ' ಅಂದ ನೋಡ್ರಿ, ಅದು ಇಲ್ಲೇ ಕಿವ್ಯಾಗ ಕುಂತೈತಿ. ಒಮ್ಮಿ ಸಿಗಲಿ!" ಎಂದರು. ಗೇಟು ಎತ್ತಿ ಎತ್ತಿ ಗಟ್ಟಿಯಾದ ಕೈಗಳು ಅವು.

ತೆರೆದ ಬಾಯನ್ನು ಮುಚ್ಚಿಕೊಂಡೆ.

"ನಿಮ್ಮದು ಯಾವ ಊರ್ರಿ?" ಎಂದು ಕೇಳಿದರು.

ಯಾವ ದೆವ್ವ ಹೊಕ್ಕಿತೋ, ನಾನು ತುಟಿಯ ಮೇಲೆ ಬೆರಳಿಟ್ಟು, ಇಲ್ಲವೆಂದು ಕೈ ಅಲ್ಲಾಡಿಸಿದೆ.

"ಅಯ್ಯ ಪಾಪ! ಮೂಕ ಅದಾರ!" ಎಂದು ಬಸ್ಸಿಗೆಲ್ಲ ಕೇಳುವಂತೆ ಮರುಗಿದರು.

ಕಂಡಕ್ಟರ್ ಬಂದು ಎಲ್ಲಿಗೆ ಎಂದ. ಬಾಗೇವಾಡಿಯನ್ನು ಕೈಯಲ್ಲಿ ಹೇಗೆ ಹೇಳುವುದು? ಎರಡು ಬೆರಳು ತಲೆಯ ಮೇಲೆ ಕೋಡಿನಂತೆ ಇಟ್ಟು ತೋರಿಸಿದೆ.

"ಏನಪಾ ಇದು, ಎಮ್ಮಿ ಸಂತಿಗೇನು?" ಎಂದ ಕಂಡಕ್ಟರ್.

"ಬಸವಣ್ಣ ಅಲ್ಲೇನ್ರೀ!" ಎಂದು ಗೇಟಿನವರು ಗದರಿಸಿದರು. "ಬಾಗೇವಾಡಿಗೆ ಹೊಂಟಾನ. ಪಾಪದ ಮನುಷ್ಯಾಗ ಎಮ್ಮಿ ಅಂತೀರಲ್ಲ!"

ಆಮೇಲೆ ನಾನು ಅವರ ಆಪ್ತನಾದೆ. ನಡುವೆ ಮಾತು ಕಡಿಯದವನು ಅವರಿಗೆ ಜೀವನದಲ್ಲೇ ಮೊದಲ ಸಲ ಸಿಕ್ಕಿದ್ದನೇನೋ. ಎಲ್ಲ ಹೇಳಿಕೊಂಡರು. ನೋವು ಅಗಿದಾಗ ಇಲ್ಲ, ತಣ್ಣಗಿನದಕ್ಕಷ್ಟೇ. ಉಸಿರು ಎಳೆದುಕೊಂಡರೂ ಒಂದೇ ಕಡೆ, ಸಿಮೆಂಟಿನ ಅಂಚಿನಲ್ಲಿ, ಝಳ್ ಎನ್ನುತ್ತದೆ. ಹದಿನೈದು ದಿನದಲ್ಲಿ ಮನೆಯವರ ಮೇಲೆ ಎರಡು ಸಲ ಕೂಗಾಡಿದ್ದಾರೆ. ನೀರು ಕೇಳಲು ಬಂದ ಮುದುಕನೊಬ್ಬನನ್ನು ಬೈದು ಕಳಿಸಿ, ಆಮೇಲೆ ಅವನ ಹೊಲದ ತನಕ ನಡೆದುಹೋಗಿ ಕೈ ಮುಗಿದು ಬಂದಿದ್ದಾರೆ. "ನಾ ಅಂಥಾಂವ ಅಲ್ರಿ. ಈ ಹಲ್ಲು ನನ್ನ ಅಂಥಾಂವನ್ನ ಮಾಡೇತಿ," ಎಂದಾಗ ಅವರ ದನಿ ಸಣ್ಣಗಾಯಿತು.

ನಾನು ತಲೆಯಾಡಿಸುತ್ತ ಕೇಳಿದೆ. ಹದಿನೈದು ದಿನದ ಹಿಂದೆ ಅವರು ನನ್ನ ಕುರ್ಚಿಯಲ್ಲಿದ್ದಾಗ ನಾನು ಇಷ್ಟು ಕೇಳಿರಲಿಲ್ಲ. ನಿಡಗುಂದಿ ದಾಟುವ ಹೊತ್ತಿಗೆ ಏನಾಗಿದೆ ಎಂಬುದು ನನಗೆ ಗೊತ್ತಾಗಿತ್ತು. ಸಿಮೆಂಟು ಅಂಚಿನಲ್ಲಿ ಸರಿಯಾಗಿ ಕೂತಿಲ್ಲ, ಕೂದಲೆಳೆಯಷ್ಟು ಸಂದಿ ಉಳಿದಿದೆ. ತಪ್ಪು ನನ್ನದೇ. ಹೇಳಬೇಕು ಎಂದುಕೊಂಡೆ. ಆದರೆ ಮೂಕನಾಗಿ ಮುಕ್ಕಾಲು ದಾರಿ ಬಂದವನು ಯಾವ ಬಾಯಿಂದ ಹೇಳಬೇಕು?

ನನ್ನ ಫೋನು ಬಡಿದುಕೊಂಡಿತು. ಕಟ್ ಮಾಡಿದೆ. ಮತ್ತೆ ಬಂತು, ಮತ್ತೆ ಕಟ್ ಮಾಡಿದೆ. ಮೂರನೆಯ ಸಲ ಗೇಟಿನವರು, "ಮನ್ಯಾಗ ಏನರ ಅರ್ಜಂಟ್ ಇರಬೇಕು. ನೀವ್ ಹ್ಯಾಂಗ ಮಾತಾಡ್ತೀರಿ, ತರ್ರಿ ಇಲ್ಲಿ," ಎಂದು ಕೈಯಿಂದ ಕಸಿದು, ನನಗೂ ಕೇಳಿಸಲಿ ಎಂದು ಸ್ಪೀಕರ್ ಹಚ್ಚಿದರು.

ಬಾಗೇವಾಡಿಯ ದವಾಖಾನೆಯಲ್ಲಿ ಕೆಲಸ ಮಾಡುವ ಹುಡುಗಿಯ ದನಿ ಬಸ್ಸೆಲ್ಲ ತುಂಬಿತು: "ಸರ್, ಹೋದ ವಾರ ಹಲ್ಲ ತುಂಬಿಸಿಕೊಂಡ ಅಮ್ಮಾರು ಬಂದಾರ್ರಿ. ನೋವ ಹಂಗ ಐತಂತ. ಏನ ಹೇಳ್ಲಿ?"

ನಾನು ಮಾತಾಡಲಿಲ್ಲ. ದೇವರಾಣೆ, ನಾನಲ್ಲ. ಹದಿನಾರು ವರ್ಷದ ಚಟಕ್ಕೆ ನನ್ನ ಬಾಯಿ ತಾನೇ ಮಾತಾಡಿತು:

"ಎರಡ ದಿನದಾಗ ಕಡಿಮಿ ಆಗ್ತೈತಿ ಅಂತ ಹೇಳು."

ಗೇಟಿನವರ ಅಂಗೈ ಗಲ್ಲದಿಂದ ಕೆಳಗಿಳಿಯಿತು. ಕಂಡಕ್ಟರನ ಕೈಯಲ್ಲಿದ್ದ ಟಿಕೆಟ್ ಮಶಿನ್ ಹಾಗೇ ನಿಂತಿತು. ಹೊರಗೆ ಬಾಗೇವಾಡಿಯ ಮೊದಲ ಮನೆಗಳು ಕಾಣುತ್ತಿದ್ದವು. ಮುಂದಿನ ಸೀಟಿನಲ್ಲಿ ಕುಳಿತಿದ್ದ ಮುದುಕಿ ಎದ್ದು, ಎರಡೂ ಕೈ ಜೋಡಿಸಿ ಕೂಗಿದಳು: "ಊರ ಸೀಮಿ ಮುಟ್ಟಿದ್ದ ತಡ, ಮೂಕಗ ಮಾತ ಬಂತು ನೋಡ್ರಪ್ಪೋ! ನಮ್ಮಪ್ಪಾ ಬಸವಣ್ಣ!"

ಹಿಂದಿನ ಸೀಟುಗಳಿಂದಲೂ ಕೈಗಳು ಮುಗಿದವು. ಯಾರೋ ಒಬ್ಬಾಕೆ ಕೂಸನ್ನು ತಂದು, "ಇದಕ್ಕ ಎರಡ ವರ್ಷ ಆತು, ಇನ್ನೂ ಮಾತಿಲ್ರಿ," ಎಂದು ನನ್ನ ತೊಡೆಯ ಮೇಲೆ ಕೂಡಿಸಿದಳು. ಆ ಕೂಸು ನನ್ನನ್ನು ನೋಡಿ ಕಿರುಚಿ ಅತ್ತಿತು. ಗೇಟಿನವರು ಮಾತ್ರ ಕೈ ಮುಗಿಯಲಿಲ್ಲ, ಕೈ ಎತ್ತಲೂ ಇಲ್ಲ. ನನ್ನ ಮುಖವನ್ನೇ ನೋಡುತ್ತ ಕುಳಿತರು. ಎತ್ತಿದ್ದರೆ ಚೆನ್ನಾಗಿತ್ತು ಅನಿಸಿತು.

ಬಸ್ಸು ನಿಂತ ಮೇಲೆ ಇಳಿದು ಹೇಳಿದೆ, "ನಂದ ತಪ್ಪರಿ. ಹಲ್ಲಿಂದೂ, ಬಸ್ಸಿಂದೂ. ಬರ್ರಿ, ಈಗಲೇ ತಗದು ಹೊಸಾದಾಗಿ ತುಂಬ್ತೇನಿ."

ಅವರು ನನ್ನ ಹಿಂದೆ ಬಂದರು. ಒಂದು ತಾಸು ಹಿಡಿಯಿತು. ಹಳೆಯದನ್ನು ಪೂರ್ತಿ ತೆಗೆದು, ಅಂಚು ಅಂಚು ನೋಡಿ ತುಂಬಿದೆ. ಹುಡುಗಿ ಫೋನಿನಲ್ಲಿ ಹೇಳಿದ್ದ, ನೋವಿಗೆ ಅಳುತ್ತ ಕುಳಿತಿದ್ದ ಅಮ್ಮನನ್ನೂ ಆಮೇಲೆ ಕರೆದು, ಕುರ್ಚಿ ಎಳೆದುಕೊಂಡು ಕುಳಿತು, ಅವರ ಮಾತು ಮುಗಿಯುವ ತನಕ ಕೇಳಿದೆ.

ಮುಂದಿನ ಗುರುವಾರ ಗೇಟಿನವರು ಮುದ್ದೇಬಿಹಾಳಕ್ಕೆ ಬಂದರು. ಹೂಜಿಯಿಂದ ಒಂದು ಲೋಟ ತಣ್ಣೀರು ಬಗ್ಗಿಸಿ, ನನ್ನ ಎದುರಿಗೇ ಗಟಗಟ ಕುಡಿದು, ಲೋಟ ಬೋರಲು ಹಾಕಿ ತೋರಿಸಿದರು. ನನ್ನ ಜೀವ ತಣ್ಣಗಾಯಿತು.

"ಹಲ್ಲು ಏನ್ ಹೇಳ್ತೈತ್ರಿ?" ಎಂದೆ.

"ಹಲ್ಲು ಚಲೋ ಐತ್ರಿ," ಎಂದರು. ಬಾಗಿಲ ತನಕ ಹೋಗಿ ಹೊರಳಿದರು. "ಒಂದ ಮಾತ ಹೇಳ್ತೇನಿ, ಸಿಟ್ಟ ಮಾಡಬ್ಯಾಡ್ರಿ ಡಾಕ್ಟ್ರ. ನೀವು ಮೂಕ ಇದ್ದಾಗ ಭಾಳ ಚಲೋ ಡಾಕ್ಟರ್ ಇದ್ರಿ."